ಭರಣಿಯೊಳಗಿನ ಬಸವನಹುಳು

ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನುಗಳನ್ನು ಸಾಕತಕ್ಕವರಲ್ಲಿ ಬಹುಮಂದಿ, ಅಂಗಡಿಯಿಂದ ತಂದ ನೀರುಗಿಡದ ಎಲೆಗೆ ಅಂಟಿಕೊಂಡು ಬಂದ ಬಸವನಹುಳುವೊಂದು ಗಾಜಿನ ಮೇಲೆ ಮೆಲ್ಲಗೆ ತೆವಳುತ್ತಿರುವುದನ್ನು ಕಂಡೊಡನೆಯೇ, ಮನೆಗೆ ಕಳ್ಳ ಹೊಕ್ಕಂತೆ ಗಾಬರಿಗೊಂಡು ಅದನ್ನು ತೊಲಗಿಸುವ ಉಪಾಯಗಳನ್ನು ಅರಸತೊಡಗುತ್ತಾರೆ. ಈ ಸಂಜೆ ನಾನು ಶ್ರೋತೃಗಳ ಮುಂದೆ ಇಡಬೇಕೆಂದಿರುವುದು ಇದಕ್ಕೆ ತೀರ ವಿರುದ್ಧವಾದ ಕೆಲಸವನ್ನು; ಎಂದರೆ, ಆ ಹುಳುವನ್ನು ಬೇಕೆಂದೇ ಬೇರೊಂದು ಪಾತ್ರೆಯಲ್ಲಿ ಇಟ್ಟು, ಸಲಹಿ, ಸಂತಾನ ಬೆಳೆಸಿ, ಅದರ ಮರಿಗಳನ್ನು ಮೀನಿಗೆ ಜೀವಂತ ಆಹಾರವಾಗಿ ಒದಗಿಸುವ ವಿಷಯವನ್ನು. ಹತ್ತು ವರ್ಷಗಳಿಂದ ನಾನು ಈ ಕೆಲಸವನ್ನು ಮಾಡುತ್ತ ಬಂದಿದ್ದೇನೆ. ಮೀನಿನ ಸಲುವಾಗಿ ಆರಂಭವಾದ ಈ ಸಾಕಣೆಯಲ್ಲಿ ಈಗ ಮೀನಿನ ಎದುರು ಕುಳಿತಷ್ಟೇ ಹೊತ್ತು ಹುಳುವಿನ ಭರಣಿಯ ಎದುರೂ ಕುಳಿತಿರುವುದು ನನಗೆ ರೂಢಿಯಾಗಿ ಹೋಗಿದೆ.

ಮೀನುತೊಟ್ಟಿಯ ಚರಿತ್ರೆಯನ್ನು ಬಲ್ಲವರಿಗೆ ಬಸವನಹುಳುವಿನ ಮೇಲೆ ತಿರಸ್ಕಾರ ಬರಲಾರದು. ಲಂಡನ್ನಿನಲ್ಲಿ ರಸಾಯನಶಾಸ್ತ್ರಜ್ಞರಾಗಿದ್ದ ರಾಬರ್ಟ್ ವಾರಿಂಗ್ಟನ್ ಎಂಬವರು, ನೀರನ್ನು ಬದಲಿಸದೆಯೇ ಮೀನನ್ನು ಜೀವಂತವಾಗಿ ಇರಿಸಲು ಸಾಧ್ಯವೇ ಎಂಬ ಪ್ರಶ್ನೆಯನ್ನು ಹಿಡಿದು, ಗಾಜಿನ ಪಾತ್ರೆಯೊಂದರಲ್ಲಿ ಎರಡು ಸಣ್ಣ ಚಿನ್ನದ ಮೀನುಗಳನ್ನೂ ವ್ಯಾಲಿಸ್ನೇರಿಯ ಎಂಬ ನೀರುಗಿಡವನ್ನೂ ಇಟ್ಟು ನೋಡಿದರು. ಮೊದಮೊದಲು ಎಲ್ಲವೂ ಸರಿಯಾಗಿಯೇ ನಡೆಯಿತು. ಗಿಡವು ಪ್ರಾಣವಾಯುವನ್ನು ಕೊಟ್ಟಿತು, ಮೀನು ಅದನ್ನು ಉಸಿರಾಡಿತು. ಆದರೆ ದಿನ ಕಳೆದಂತೆ ಗಿಡದ ಹಳೆಯ ಎಲೆಗಳು ಕೊಳೆತು, ನೀರು ಕದಡಿ, ಲೋಳೆ ಕಟ್ಟಿ, ಪ್ರಯೋಗವೇ ಕೆಡುವ ಸ್ಥಿತಿ ಬಂದಾಗ, ಅವರು ಕೊಳದ ಐದಾರು ಬಸವನಹುಳುಗಳನ್ನು ತಂದು ಅದರಲ್ಲಿ ಬಿಟ್ಟರು. ಹುಳುಗಳು ಕೊಳೆತುದನ್ನೆಲ್ಲ ಮೇಯ್ದು ನೀರನ್ನು ತಿಳಿಯಾಗಿಸಿದುವು. ಅಷ್ಟೇ ಅಲ್ಲದೆ ಯಥೇಚ್ಛವಾಗಿ ಮೊಟ್ಟೆಗಳನ್ನೂ ಇಟ್ಟುವು, ಆ ಮೊಟ್ಟೆಗಳೂ ಅವುಗಳಿಂದ ಹೊರಟ ಮರಿಗಳೂ ಮೀನುಗಳಿಗೆ ಆಹಾರವಾದುವು. 1850ರಲ್ಲಿ ಅವರು ಈ ವೃತ್ತಾಂತವನ್ನು ಪ್ರಕಟಿಸಿದರು. ಇದಾಗಿ ನಾಲ್ಕು ವರ್ಷಗಳ ಬಳಿಕ, 1854ರಲ್ಲಿ, ನಿಸರ್ಗತಜ್ಞ ಫಿಲಿಪ್ ಗಾಸ್ ಅವರ ಪುಸ್ತಕದಿಂದ ಅಕ್ವೇರಿಯಂ ಎಂಬ ಹೆಸರು ಜನರ ನಾಲಿಗೆಯ ಮೇಲೆ ನೆಲೆನಿಂತಿತು. ಹೀಗೆ ಅಕ್ವೇರಿಯಂ ಎಂಬ ಹೆಸರು ಜನಜನಿತವಾಗುವ ಮೊದಲೇ ಅದರೊಳಗೆ ಬಸವನಹುಳು ಮೀನಿಗೆ ಉಣಿಸಾಗಿ ಸೇರಿಕೊಂಡಿತ್ತು.

ಯಾವ ಮೀನುಗಳಿಗೆ ಇದು ಬೇಕು? ಚಿನ್ನದ ಮೀನಿನ ಬಾಯಲ್ಲಿ ಹಲ್ಲಿಲ್ಲವಾದರೂ ಗಂಟಲಿನಲ್ಲಿ ಹಲ್ಲುಗಳಿವೆ. ಸಣ್ಣ ಮರಿಹುಳುಗಳನ್ನು ಅದು ಅಲ್ಲಿಯೇ ಪುಡಿಮಾಡಿ ನುಂಗಬಲ್ಲುದು. ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಕಪ್ಪು ಹಳದಿ ಪಟ್ಟೆಗಳಿಂದ ಕೂಡಿದ ಬೋಟಿಯ ಸ್ಟ್ರಿಯಾಟಾ ಎಂಬ ಪುಟ್ಟ ಮೀನೊಂದಿದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣರಾಯರು 1920ರಲ್ಲಿ ಅದನ್ನು ಮೊದಲಬಾರಿಗೆ ಶಾಸ್ತ್ರಲೋಕಕ್ಕೆ ಪರಿಚಯಿಸಿದರು. ಚೂಪಾದ ತನ್ನ ಮೂತಿಯನ್ನು ಚಿಪ್ಪಿನ ಬಾಯೊಳಕ್ಕೆ ತೂರಿಸಿ ಹುಳುವನ್ನು ಹೀರಿ ಎಳೆಯುವುದರಲ್ಲಿ ಆ ಮೀನು ನಿಪುಣ. ಆದರೆ ಬಸವನಹುಳುವಿಲ್ಲದೆ ನಡೆಯದಂಥ ಮೀನು ಯಾವುದೆಂದು ಕೇಳಿದರೆ, ಪಫರ್ ಎಂದು ಕರೆಯಲಾಗುವ ಉಬ್ಬುಮೀನನ್ನೇ ಮೊದಲು ಹೆಸರಿಸಬೇಕು. ಅದರ ಜಾತಿಗೆ ಶಾಸ್ತ್ರಜ್ಞರು ಇಟ್ಟಿರುವ ಟೆಟ್ರಡಾನ್ ಎಂಬ ಹೆಸರಿಗೆ ನಾಲ್ಕು ಹಲ್ಲಿನದು ಎಂದೇ ಅರ್ಥ. ಮೇಲೆರಡು ಕೆಳಗೆರಡು ಹಲ್ಲುಗಳು ಕೂಡಿಕೊಂಡು ಗಿಳಿಯ ಕೊಕ್ಕಿನಂತೆ ಆಗಿವೆ. ಈ ಹಲ್ಲು ಇಲಿಯ ಹಲ್ಲಿನಂತೆ ಜೀವಮಾನವೆಲ್ಲ ಬೆಳೆಯುತ್ತಲೇ ಇರತಕ್ಕದ್ದಾದುದರಿಂದ, ಗಟ್ಟಿಯಾದ ಚಿಪ್ಪನ್ನು ಕಡಿದು ಸವೆಸುತ್ತಿರದಿದ್ದರೆ ದೊಡ್ಡ ಜಾತಿಯ ಪಫರುಗಳಿಗೆ ಬಾಯಿ ಮುಚ್ಚಲಾಗದಷ್ಟು ಹಲ್ಲು ಬೆಳೆದು, ಎದುರಿಗೆ ಆಹಾರವಿದ್ದೂ ಉಪವಾಸದಿಂದ ಸಾಯುವ ದುಃಸ್ಥಿತಿ ಒದಗುತ್ತದೆ.

ನನ್ನ ಮನೆಯಲ್ಲಿರುವುವು ಕೇರಳದ ಹೊಳೆಗಳ ಅತಿ ಸಣ್ಣ ಪಫರುಗಳು. ಪ್ರಾಣಿಶಾಸ್ತ್ರಜ್ಞರಾದ ಸುಂದರಲಾಲ್ ಹೋರಾ ಮತ್ತು ನಾಯರ್ ಅವರು 1941ರಲ್ಲಿ ತಿರುವಾಂಕೂರಿನ ಹೆಸರಿನಿಂದಲೇ ಈ ಜಾತಿಯನ್ನು ವರ್ಣಿಸಿದರು. ಬೆಳೆದು ದೊಡ್ಡದಾದರೂ ಸುಮಾರು 3 ಸೆಂಟಿಮೀಟರನ್ನು ಮೀರದ ಈ ಜೀವಿಯು ಬೇಟೆಯಾಡುವುದನ್ನು ಒಮ್ಮೆ ಹತ್ತಿರದಿಂದ ನೋಡಿದವರು ಮರೆಯಲಾರರು. ಮೆಣಸಿನ ಕಾಳಿನಷ್ಟು ಗಾತ್ರದ ಹುಳುವೊಂದನ್ನು ನೀರಿಗೆ ಬಿಟ್ಟರೆ, ಅದು ತಳಕ್ಕೆ ಮುಟ್ಟುವ ಮೊದಲೇ ಮೀನು ಇದ್ದಲ್ಲಿಯೇ ನಿಂತುಬಿಡುತ್ತದೆ. ಹೊಟ್ಟೆಯ ಬಿಳುಪು ಸ್ವಲ್ಪ ಓರೆಯಾಗುತ್ತದೆ. ಒಂದು ಕಣ್ಣು ನಮ್ಮ ಕಡೆಗೇ ಇರುವಾಗ ಇನ್ನೊಂದು ಕಣ್ಣು ಮಾತ್ರ ಹುಳುವಿನ ಕಡೆಗೆ ತಿರುಗುತ್ತದೆ. ಹುಳು ಹೆದರಿ ಚಿಪ್ಪಿನೊಳಕ್ಕೆ ಸೇರಿಕೊಂಡಿರುವಷ್ಟು ಹೊತ್ತೂ ಮೀನು ರೆಕ್ಕೆಗಳನ್ನು ಮಾತ್ರ ಬಡಿಯುತ್ತ, ಹೂವಿನ ಮುಂದೆ ತೂಗುವ ದುಂಬಿಯ ಹಾಗೆ ನಿಂತು ಕಾಯುತ್ತದೆ. ಕೊನೆಗೆ ಹುಳು ತನ್ನ ಕೊಂಬುಗಳನ್ನು ಎಳೆಯೆಳೆಯಾಗಿ ಹೊರಕ್ಕೆ ಚಾಚಿದ ಕ್ಷಣದಲ್ಲಿ, ಕಣ್ಣೆವೆಯಿಕ್ಕುವುದರೊಳಗೆ, ಕೆಲಸ ಮುಗಿದಿರುತ್ತದೆ.

ಊರಿನಿಂದ ಬಂದಿದ್ದ ನನ್ನ ಅಕ್ಕ ಇದನ್ನು ನೋಡಿ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಅಲ್ಲ ಕಣೋ, ಸೊಪ್ಪು ಹಾಕಿ ಹಾಕಿ ಸಾಕಿದವನೂ ನೀನೇ, ಅದರ ಬಾಯಿಗೆ ಕೊಟ್ಟವನೂ ನೀನೇ, ಮನಸ್ಸಿಗೆ ಏನೂ ಆಗುವುದಿಲ್ಲವೇನೋ?” ಎಂದಳು. ನೊಂದು ಕೇಳಿದ ಪ್ರಶ್ನೆಗೆ ಹಾರಿಕೆಯ ಉತ್ತರ ಕೊಡಲಾಗದು. ನಾನು ಹೇಳಿದುದಿಷ್ಟು: “ಅಕ್ಕ, ಒಣ ಉಂಡೆಗಳನ್ನು ಈ ಮೀನು ಮೂಸಿಯೂ ನೋಡದು. ಅದನ್ನು ಮನೆಗೆ ತಂದ ದಿನವೇ ಅದರ ಊಟದ ಹೊಣೆಯೂ ನನ್ನ ಮೇಲೆ ಬಿತ್ತು. ಉಪವಾಸ ಕೆಡವಿದರೆ ಆ ಪಾಪವೂ ನನ್ನದೇ ಅಲ್ಲವೇ?” ಅವಳಿಗೆ ಇದರಿಂದ ಸಮಾಧಾನವಾಯಿತೆಂದು ಹೇಳಲಾರೆ. ಆದರೆ ಅವಳ ಪ್ರಶ್ನೆಯ ದೆಸೆಯಿಂದ ನನ್ನ ಪದ್ಧತಿ ಬದಲಾಯಿತು. ಆವರೆಗೆ ಹುಳುವಿನ ಪಾತ್ರೆಯು ಹಿತ್ತಲಿನ ಮೂಲೆಯಲ್ಲಿ, ಹೇಗಿದ್ದರೂ ಬದುಕೀತು ಎಂಬ ಉದಾಸೀನದಲ್ಲಿ ಬಿದ್ದಿತ್ತು. ಆಮೇಲೆ ಅದು ಕಿಟಕಿಯ ಬೆಳಕಿಗೆ ಬಂದಿತು. ತಿನ್ನಲ್ಪಡುವ ಜೀವಿಯ ದಿನಗಳೂ ಸೊಗಸಾಗಿ ಕಳೆಯಬೇಕು ಎಂಬುದು ಅಂದಿನಿಂದ ನನ್ನ ನಿಯಮ.

ಇನ್ನು ಹುಳುವಿನ ವಿಚಾರ. ಮುಂದಲೆಯ ಎರಡು ಕೊಂಬುಗಳನ್ನು ಕಂಡು ನಮ್ಮ ಹಿರಿಯರು ಇದಕ್ಕೆ ಬಸವನ ಹೆಸರನ್ನೇ ಇಟ್ಟರು. ನಮ್ಮ ಕೆರೆಕುಂಟೆಗಳಲ್ಲಿ ಇದರ ಜಾತಿಗಳು ಹಲವಿವೆ. ಸಾಕಣೆಗೆ ಎಲ್ಲಕ್ಕಿಂತ ಯೋಗ್ಯವಾದುದು, ಚಿಪ್ಪು ಗೋಪುರದಂತೆ ಮೇಲೇರದೆ ಚಕ್ಕುಲಿಯ ಹಾಗೆ ಒಂದೇ ಮಟ್ಟದಲ್ಲಿ ಸುತ್ತಿಕೊಂಡಿರುವ ಜಾತಿ. ಟಗರಿನ ಕೊಂಬಿನಂತಿದೆಯೆಂದು ಅಂಗಡಿಯವರು ಇದನ್ನು ರ‍್ಯಾಮ್ಸ್‌ಹಾರ್ನ್ ಎನ್ನುತ್ತಾರೆ. ಬಸವನಹುಳುಗಳ ಬಳಗದಲ್ಲಿ ಬಹುತೇಕವಾಗಿ ರಕ್ತವು ತಾಮ್ರವನ್ನು ಆಶ್ರಯಿಸಿ ತೆಳುನೀಲಿಯಾಗಿದ್ದರೆ, ಈ ಜಾತಿಯಲ್ಲಿ ಮಾತ್ರ ನಮ್ಮ ರಕ್ತದಲ್ಲಿರುವಂತೆಯೇ ಕಬ್ಬಿಣದ ಅಂಶವುಳ್ಳ ಹಿಮೋಗ್ಲೋಬಿನ್ ಇದೆ. ಮೈಯ ಕಪ್ಪುಬಣ್ಣ ಇಲ್ಲದ ಹುಳುಗಳಲ್ಲಿ ಆ ಕೆಂಪು ಚಿಪ್ಪಿನ ಮೂಲಕವೇ ಹೊಳೆದು ಕಾಣುವುದುಂಟು. ಚಿಪ್ಪು ತೆಳುವಾಗಿರುವುದರಿಂದ ಸಣ್ಣ ಮೀನಿಗೂ ಒಡೆಯಲು ಸುಲಭ. ಮೇಲಕ್ಕೆ ಬಂದು ಗಾಳಿಯನ್ನೇ ಉಸಿರಾಡುವ ಶಕ್ತಿಯಿರುವುದರಿಂದ ಗಾಳಿ ಊದುವ ಯಂತ್ರದ ಹಂಗೂ ಇಲ್ಲ. ತುದಿ ಚೂಪಾದ ಸಣ್ಣ ಗುಳ್ಳೆಯಂತಿರುವ ಫೈಸಾ ಎಂಬ ಇನ್ನೊಂದು ಜಾತಿಯೂ ಆದೀತು. ಚಿಪ್ಪಿನ ತುದಿಯನ್ನು ಮೇಲೆ ಮಾಡಿ ಬಾಯಿಯನ್ನು ನಮ್ಮ ಕಡೆಗೆ ತಿರುಗಿಸಿ ಹಿಡಿದರೆ ಬಾಯಿ ಎಡಗಡೆಗೆ ಇರುವುದೇ ಅದರ ಗುರುತು. ದೇವರ ಕೋಣೆಯ ಬಲಮುರಿ ಶಂಖವನ್ನು ಇದೇ ರೀತಿ ಹಿಡಿದು ನೋಡಿದರೆ ಅದರ ಬಾಯಿಯೂ ಎಡಗಡೆಗೇ ಬರುವುದು. ಮೊಳೆಯಂತೆ ನೀಳವಾಗಿ ಮರಳಿನಲ್ಲಿ ಹುದುಗಿರುವ ಜಾತಿಯ ಚಿಪ್ಪು ಮಾತ್ರ ಬಲು ಗಟ್ಟಿ. ಸಣ್ಣ ಪಫರಿಗೆ ಅದನ್ನು ಕೊಡಕೂಡದು. ಗದ್ದೆಗಳಲ್ಲಿ ಕಾಣುವ, ಚಿಪ್ಪಿಗೆ ಬಾಗಿಲಿರುವ ದೊಡ್ಡ ಬಸವನಹುಳು ನೀರನ್ನು ಬಿಟ್ಟು ದಡದ ತೇವದ ಮಣ್ಣಿನಲ್ಲಿ ಮೊಟ್ಟೆಯಿಡತಕ್ಕದ್ದಾದುದರಿಂದ ಭರಣಿಯ ಸಾಕಣೆಗೆ ಒಗ್ಗದು.

ಈಗ ನಾನು ಈ ಭಾಷಣದಲ್ಲಿ ಎಲ್ಲಕ್ಕಿಂತ ಮುಖ್ಯವೆಂದು ಭಾವಿಸಿರುವ ಮಾತಿಗೆ ಬರುತ್ತೇನೆ. ಕೆರೆಯಿಂದ ಹುಳುವನ್ನು ಹಿಡಿದು ತಂದು ನೇರವಾಗಿ ಮೀನಿನ ತೊಟ್ಟಿಗೆ ಹಾಕಬೇಡಿರಿ. ಸಾಕಣೆಗೆ ಕೂಡ ಹುಳುವನ್ನು ತರಬೇಡಿರಿ, ಮೊಟ್ಟೆಯನ್ನು ತನ್ನಿರಿ. ಕೆರೆಯ ಬಸವನಹುಳುವಿನ ಒಡಲು ಅನೇಕ ಪರೋಪಜೀವಿ ಹುಳುಗಳಿಗೆ ತೊಟ್ಟಿಲು. ದನಗಳ ಮೂಗಿನಲ್ಲಿ ನೆಲೆಸಿ ಗೊರಕೆ ರೋಗವನ್ನು ತರುವ ಕ್ರಿಮಿಯು ನಮ್ಮ ನಾಡಿನ ಈ ಚಕ್ಕುಲಿ ಜಾತಿಯಲ್ಲಿಯೇ ತನ್ನ ಬಾಲ್ಯವನ್ನು ಕಳೆಯುತ್ತದೆ. ದನಕುರಿಗಳ ಪಿತ್ತಜನಕಾಂಗವನ್ನು ಕೊರೆಯುವ ಎಲೆಯಾಕಾರದ ಚಪ್ಪಟೆ ಹುಳು ಲಿಮ್ನಿಯ ಎಂಬ ಬೇರೊಂದು ಜಾತಿಯ ಒಡಲಲ್ಲಿ ಬೆಳೆಯುತ್ತದೆ. ಬರಿಗಣ್ಣಿಗೆ ಕಾಣದ ಬಾಲದ ಮರಿಗಳು ಹುಳುವಿನ ಮೈಯಿಂದ ಸಾವಿರಗಟ್ಟಲೆ ಹೊರಟು ನೀರಿನಲ್ಲಿ ಈಜುತ್ತವೆ. ಕುಂಟೆಯಲ್ಲಿ ಇಳಿದು ಬಂದವರ ಕಾಲಿಗೆ ತುರಿಕೆ ಹತ್ತುವುದು ಎಷ್ಟೋ ಬಾರಿ ಇವುಗಳಿಂದ. ಮೀನಿನ ಮೈಯನ್ನೂ ಹೊಗುವ ಜಾತಿಗಳು ಇವುಗಳಲ್ಲಿವೆ. ಆದರೆ ಇಂಥ ಯಾವ ಕ್ರಿಮಿಯೂ ತಾಯಿಹುಳುವಿನಿಂದ ಮೊಟ್ಟೆಗೆ ಸಾಗಿ ಬರುವುದಿಲ್ಲ. ಶುದ್ಧವಾದ ನೀರಿನಲ್ಲಿ ಒಡೆದ ಮೊಟ್ಟೆಯ ಮರಿಯು ಶುದ್ಧವಾದ ಮರಿ. ಇಷ್ಟನ್ನು ಮನಗಂಡು ನಡೆದರೆ ಉಳಿದ ತಪ್ಪುಗಳನ್ನೆಲ್ಲ ತಿದ್ದಿಕೊಳ್ಳಲು ಅವಕಾಶವುಂಟು.

ಮೊಟ್ಟೆಯನ್ನು ಹುಡುಕುವುದು ಕಷ್ಟವಲ್ಲ. ಕೆರೆಯ ಅಂಚಿನಲ್ಲಿ ತೇಲುವ ಅಂತರಗಂಗೆಯ ಎಲೆಯನ್ನು ಮಗುಚಿ ನೋಡಿದರೆ, ಅದರ ತಳದಲ್ಲಿ ಬೆರಳ ಉಗುರಿನಷ್ಟಗಲದ, ಸಬ್ಬಕ್ಕಿಯ ಗಂಜಿ ಆರಿದಂತಿರುವ, ಪಾರದರ್ಶಕವಾದ ಲೋಳೆಯ ಬಿಲ್ಲೆಯೊಂದು ಅಂಟಿಕೊಂಡಿರುವುದು. ಆ ಎಲೆಯ ತುಣುಕನ್ನಷ್ಟೇ ಕತ್ತರಿಸಿ, ಎರಡು ಮೂರು ನೀರಿನಲ್ಲಿ ತೊಳೆದು, ಗಾಜಿನ ಲೋಟದಲ್ಲಿ ಇಡತಕ್ಕದ್ದು. ಗಿಡವನ್ನು ಇಡಿಯಾಗಿ ತಂದರೆ ಜಿಗಣೆಯೂ ಕೊಡತಿಹುಳುವಿನ ಮರಿಯೂ ಜೊತೆಗೆ ಬಂದು ಸೇರಿಯಾವು. ಲೋಟದ ಮೊಟ್ಟೆಗಳನ್ನು ದಿನಕ್ಕೊಮ್ಮೆ ಭೂತಗನ್ನಡಿಯಲ್ಲಿ ನೋಡುವವರಿಗೆ ದೊಡ್ಡ ಭಾಗ್ಯವೊಂದು ಕಾದಿದೆ. ಮೊದಲ ದಿನಗಳಲ್ಲಿ ಪ್ರತಿಯೊಂದು ಮೊಟ್ಟೆಯ ನಡುವೆ ಮಾಸಲು ಚುಕ್ಕೆಯೊಂದಿರುವುದು. ಆಮೇಲೆ ಆ ಚುಕ್ಕೆಯು ತನ್ನ ಪುಟ್ಟ ಕೋಶದೊಳಗೆ ಮೆಲ್ಲಮೆಲ್ಲನೆ ಸುತ್ತಲು ತೊಡಗುವುದು. ಮೈಮೇಲಿನ ಅತಿಸೂಕ್ಷ್ಮವಾದ ರೋಮಗಳ ಬಡಿತದಿಂದ ನಡೆಯುವ ಈ ಪ್ರದಕ್ಷಿಣೆಯನ್ನು, ಹದಿನೈದು ಇಪ್ಪತ್ತು ಜೀವಗಳು ಒಂದೇ ಬಿಲ್ಲೆಯಲ್ಲಿ ತಮ್ಮ ತಮ್ಮ ಪಾಡಿಗೆ ಸುತ್ತುತ್ತಿರುವುದನ್ನು, ಮೊದಲ ಸಲ ಕಂಡ ರಾತ್ರಿ ನಾನು ಮನೆಮಂದಿಯನ್ನೆಲ್ಲ ಎಬ್ಬಿಸಿ ತೋರಿಸಿದೆ. ನಮ್ಮ ಹವೆಯಲ್ಲಿ ಸುಮಾರು 8ರಿಂದ 10 ದಿನಗಳಲ್ಲಿ, ಸಾಸಿವೆಗಿಂತ ಸಣ್ಣದಾದ, ಆದರೆ ಚಿಪ್ಪು ಕೊಂಬು ಎಲ್ಲವನ್ನೂ ಧರಿಸಿದ ಪೂರ್ಣ ಬಸವನಹುಳುಗಳು ಹೊರಕ್ಕೆ ಬರುತ್ತವೆ. ಒಂದೇ ಹುಳುವಿನಲ್ಲಿ ಗಂಡು ಹೆಣ್ಣು ಎರಡರ ಅಂಗಗಳೂ ಇರುವುದರಿಂದ ಜೋಡಿಗಾಗಿ ಕಾಯಬೇಕಾದ ಅಗತ್ಯವಿಲ್ಲ; ಒಂಟಿಯಾಗಿ ಬೆಳೆದ ಹುಳುವೂ ಮೊಟ್ಟೆಯಿಡಬಲ್ಲುದು.

ಪಾತ್ರೆ ಯಾವುದಾದರೂ ಸರಿ. ಉಪ್ಪಿನಕಾಯಿಯ ಹಳೆಯ ಗಾಜಿನ ಭರಣಿ, ಮಣ್ಣಿನ ಬಾನೆ, ಪ್ಲಾಸ್ಟಿಕ್ಕಿನ ತೊಟ್ಟಿ, ಯಾವುದೂ ಆದೀತು. ನಲ್ಲಿಯ ನೀರಾದರೆ ಕ್ಲೋರಿನ್ ಹೋಗುವಂತೆ ಒಂದು ದಿನ ಬಯಲಿನಲ್ಲಿ ಇಟ್ಟು ತುಂಬಬೇಕು. ಮೇಲೆ ತೆಳುಬಟ್ಟೆ ಕಟ್ಟಬೇಕು, ಇಲ್ಲವಾದರೆ ಸೊಳ್ಳೆ ಮೊಟ್ಟೆಯಿಟ್ಟೀತು, ಹುಳು ಹೊರಕ್ಕೆ ಹರಿದೀತು. ಆಹಾರಕ್ಕೆ ಅಡಿಗೆಮನೆಯಲ್ಲಿ ಮಿಕ್ಕ ದಂಟಿನ ಸೊಪ್ಪು, ಹೀರೆಕಾಯಿಯ ಸಿಪ್ಪೆ, ಪಾಲಕ್ಕು, ಇವನ್ನು ಒಂದು ಕುದಿ ಬೇಯಿಸಿ ಆರಿಸಿ ಹಾಕಿದರೆ ಸಾಕು. ತೋಟದ ಔಷಧಿ ಹೊಡೆದ ಸೊಪ್ಪನ್ನು ಚೆನ್ನಾಗಿ ತೊಳೆಯದೆ ಹಾಕಕೂಡದು. ತಿಂದು ಉಳಿದುದನ್ನು ಮರುದಿನ ತೆಗೆದುಬಿಡಬೇಕು, ವಾರಕ್ಕೊಮ್ಮೆ ಮೂರರಲ್ಲಿ ಒಂದು ಪಾಲು ನೀರನ್ನು ಬದಲಿಸಬೇಕು. ಹುಳು ಏನನ್ನು ತಿಂದಿದೆಯೋ ಅದೇ ಮೀನಿನ ಹೊಟ್ಟೆಗೂ ಸೇರುವುದರಿಂದ, ಒಳ್ಳೆಯ ಸೊಪ್ಪು ತಿಂದ ಹುಳು ಮೀನಿಗೆ ಒಳ್ಳೆಯ ಊಟ.

ಚಿಪ್ಪು ಬೆಳೆಯಲು ಸುಣ್ಣದ ಅಂಶ ಬೇಕು. ಮಳೆನೀರಿನಲ್ಲಿ, ಮಲೆನಾಡಿನ ಮೆದುನೀರಿನಲ್ಲಿ ಅದು ಸಾಲದೆ, ಚಿಪ್ಪಿನ ಮೇಲೆ ಬಿಳಿಯ ಗುಳಿಗಳು ಬಿದ್ದು ಅಂಚು ಪುಡಿಯಾಗತೊಡಗುತ್ತದೆ. ಮೊದಲ ವರ್ಷ ಹೀಗಾದುದನ್ನು ಕಂಡು, ಸುಣ್ಣವೇ ತಾನೆ ಬೇಕಾದುದೆಂದು, ಎಲೆಯಡಿಕೆಯ ಡಬ್ಬಿಯಿಂದ ಒಂದು ಚಮಚೆ ಸುಣ್ಣವನ್ನು ತೆಗೆದು ಭರಣಿಯಲ್ಲಿ ಕದಡಿಬಿಟ್ಟೆ. ಬೆಳಗಾಗುವುದರೊಳಗೆ ಇನ್ನೂರಕ್ಕೆ ಮಿಕ್ಕಿದ ಹುಳುಗಳಲ್ಲಿ ಒಂದೂ ಉಳಿದಿರಲಿಲ್ಲ. ಸುಟ್ಟ ಸುಣ್ಣವು ನೀರನ್ನು ಉರಿಯುವ ಕ್ಷಾರವನ್ನಾಗಿ ಮಾಡುತ್ತದೆಂಬುದನ್ನು ನಾನು ಶಾಲೆಯಲ್ಲಿಯೇ ಓದಿದ್ದೆ. ಓದಿದುದು ಕೈಗೆ ಬಂದಿರಲಿಲ್ಲ. ಆ ಬೆಳಗಿನ ನೋವು ಈಗಲೂ ಇದೆ. ಬೇಕಾದುದು ಸುಡದ ಸುಣ್ಣ. ತೊಳೆದು ಒಣಗಿಸಿ ಪುಡಿಮಾಡಿದ ಕೋಳಿಮೊಟ್ಟೆಯ ಚಿಪ್ಪು, ಅಥವಾ ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಸಮುದ್ರನೊರೆ. ನೊರೆಯೆಂದು ಕರೆದರೂ ಅದು ನೊರೆಯಲ್ಲ, ಕಪ್ಪೆಬಂಗಡೆಯಂಥ ಕಡಲಜೀವಿಯ ಬೆನ್ನಿನ ಒಳಚಿಪ್ಪು. ಆ ಜೀವಿಯೂ ಬಸವನಹುಳುವಿನ ದೂರದ ದಾಯಾದಿಯೇ. ಒಂದು ತುಂಡನ್ನು ಹಾಕಿದರೆ ಮೊದಲು ತೇಲುವುದು, ನೆನೆದು ಮುಳುಗಿದ ಬಳಿಕ ಹುಳುಗಳು ಅದರ ಸುತ್ತ ಮುತ್ತಿ ಅರದಂಥ ನಾಲಿಗೆಯಿಂದ ಕೆರೆದು ಮೇಯುತ್ತವೆ.

ಇನ್ನೊಂದು ಎಚ್ಚರಿಕೆ ತಾಮ್ರವನ್ನು ಕುರಿತದ್ದು. ತಾಮ್ರದ ಹಂಡೆಯ ನೀರು ನಮಗೆ ಆರೋಗ್ಯಕರವೆಂದು ಹಲವರು ನಂಬುತ್ತಾರೆ. ಬಸವನಹುಳುವಿಗೆ ಅದು ವಿಷ. ಮೀನಿನ ರೋಗಕ್ಕೆ ಮಾರುವ ಔಷಧಿಗಳಲ್ಲಿ ಮೈಲುತುತ್ತ ಸೇರಿರುವುದುಂಟು. ಅಂಥ ಔಷಧಿ ಹಾಕಿದ ತೊಟ್ಟಿಗೆ ಹುಳುವನ್ನು ಬಿಡುವಂತಿಲ್ಲ. ಅಡಕೆಯ ಕೊಳೆರೋಗಕ್ಕೆ ಮೈಸೂರು ಕೃಷಿ ಇಲಾಖೆಯ ಕೋಲ್ಮನ್ನರ ಕಾಲದಿಂದಲೂ ಹೊಡೆಯುತ್ತ ಬಂದಿರುವ ಬೋರ್ಡೋ ದ್ರಾವಣವು ಇದೇ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣವಾದುದರಿಂದ, ಮಳೆಗಾಲದಲ್ಲಿ ತೋಟದ ಬಸಿಗಾಲುವೆಯಿಂದ ಹಿಡಿದ ನೀರನ್ನು ಮಲೆನಾಡಿನವರು ಭರಣಿಗೆ ತುಂಬದಿರುವುದು ಲೇಸು.

ಹುಳುಗಳನ್ನು ಭರಣಿಯಿಂದ ತೆಗೆಯುವ ಉಪಾಯ ಬಲು ಸುಲಭ. ರಾತ್ರಿ ಒಂದು ಸೌತೆಕಾಯಿಯ ಬಿಲ್ಲೆಯನ್ನು ದಾರಕ್ಕೆ ಪೋಣಿಸಿ ಇಳಿಬಿಟ್ಟರೆ, ಬೆಳಿಗ್ಗೆ ಅದರ ತುಂಬ ಹುಳುಗಳು ಅಂಟಿಕೊಂಡಿರುವುವು. ಮೆಲ್ಲನೆ ಎತ್ತಿ, ಮೀನಿನ ಬಾಯಿಗೆ ತಕ್ಕ ಗಾತ್ರದವನ್ನು ಆರಿಸಿಕೊಂಡು, ದೊಡ್ಡವನ್ನು ಮರಳಿ ಬಿಡಬೇಕು. ಮೊಟ್ಟೆಯೊಡೆದ ಮರಿ ಎರಡು ತಿಂಗಳೊಳಗೆ ತಾನೇ ಮೊಟ್ಟೆಯಿಡುವಷ್ಟು ಬೆಳೆಯುವುದರಿಂದ, ಎರಡು ಭರಣಿಗಳಿದ್ದು ಒಂದರಿಂದ ತೆಗೆಯುವಾಗ ಇನ್ನೊಂದನ್ನು ಬೆಳೆಯಲು ಬಿಟ್ಟರೆ ಮನೆಯ ನಾಲ್ಕೈದು ಸಣ್ಣ ಪಫರುಗಳಿಗೆ ಎಂದೂ ಕೊರತೆಯಾಗದು. ಮೀನು ತಿನ್ನುವಷ್ಟನ್ನು ಮಾತ್ರ ಹಾಕಬೇಕು. ಸತ್ತ ಹುಳು ನೀರನ್ನು ಬೇಗನೆ ಕೆಡಿಸುತ್ತದೆ, ಅದರ ದುರ್ಗಂಧವೂ ಅಸಹ್ಯ.

ಹೆಚ್ಚಾದ ಹುಳುಗಳನ್ನು ಏನು ಮಾಡುವುದು? ಕೋಳಿ ಬಾತು ಸಾಕಿದವರಿಗೆ ಕೊಡಬಹುದು. ಆದರೆ ಕೆರೆಗೆ ಸುರಿಯಬಾರದು. ಅಂಗಡಿಯಿಂದ ತಂದ ಪರದೇಶದ ಜಾತಿಯಾದರಂತೂ ಸರ್ವಥಾ ಕೂಡದು. 1847ರಲ್ಲಿ ಬೆನ್ಸನ್ ಎಂಬ ಶಂಖಜೀವಿಗಳ ಪಂಡಿತರು ಮಾರಿಷಸ್ಸಿನಿಂದ ಕಲ್ಕತ್ತೆಗೆ ತಂದ ಆಫ್ರಿಕದ ದೊಡ್ಡ ಬಸವನಹುಳು ಅಲ್ಲಿನ ತೋಟವೊಂದಕ್ಕೆ ಸೇರಿ, ಇಂದು ನಮ್ಮ ತರಕಾರಿ ಮಡಿಗಳನ್ನೂ ಕಾಫಿ ತೋಟಗಳನ್ನೂ ಮಳೆಗಾಲದಲ್ಲಿ ಮುತ್ತಿಕೊಳ್ಳುವ ಪೀಡೆಯಾಗಿದೆ. ನೀರಿನ ಹುಳುಗಳಿಗೆ ಹರಡಲು ಮನುಷ್ಯನ ನೆರವೂ ಬೇಕಿಲ್ಲ. ಬಸವನಹುಳುವಿನ ಮೊಟ್ಟೆಗಳು ಒಡೆಯುತ್ತಿದ್ದ ತೊಟ್ಟಿಯೊಂದರಲ್ಲಿ ಚಾರ್ಲ್ಸ್ ಡಾರ್ವಿನ್ನರು ಬಾತಿನ ಪಾದಗಳನ್ನು ಇಳಿಬಿಟ್ಟು ನೋಡಿದಾಗ, ಆಗತಾನೆ ಹುಟ್ಟಿದ ಮರಿಗಳು ಅವನ್ನು ಏರಿ ಬಿಗಿಯಾಗಿ ಅಂಟಿಕೊಂಡುವು. ತೇವವಾದ ಗಾಳಿಯಲ್ಲಿ 12ರಿಂದ 20 ಗಂಟೆಗಳವರೆಗೆ ಅವು ಬದುಕಿದ್ದುವು. ಅಷ್ಟು ಹೊತ್ತಿನಲ್ಲಿ ಹಾರುವ ಬಾತು ಎಷ್ಟು ಕೆರೆಗಳನ್ನು ದಾಟೀತು! ಒಂದು ಕೆರೆಗೆ ಬಿಟ್ಟುದು ಆ ಕೆರೆಯಲ್ಲಿಯೇ ನಿಲ್ಲುವುದಿಲ್ಲ.

ಮೀನಿನ ತೊಟ್ಟಿಯನ್ನು ಶುದ್ಧಿಮಾಡುವ ಭಾನುವಾರಗಳಲ್ಲಿ ಮರಳಿನ ಮೇಲೆ ಬಿದ್ದ ಬರಿದಾದ ಚಿಪ್ಪುಗಳನ್ನು ನಾನು ಚಿಮಟದಿಂದ ಆರಿಸಿ, ಬಿಸಿನೀರಿನಲ್ಲಿ ತೊಳೆದು, ಅಂಗೈಯಲ್ಲಿ ಇಟ್ಟುಕೊಳ್ಳುತ್ತೇನೆ; ಹಗುರವೆಂದರೆ ಎಳ್ಳಿನ ಹೊಟ್ಟಿನಷ್ಟು ಹಗುರ. ಅಕ್ಕ ಊರಿಗೆ ಹೋಗುವ ಹಿಂದಿನ ದಿನ, ಅವನ್ನು ಎಲ್ಲಿ ಚೆಲ್ಲುತ್ತೀಯೆಂದು ಕೇಳಿದಳು. ಕರೆದುಕೊಂಡು ಹೋಗಿ ತೋರಿಸಿದೆ. ಕಿಟಕಿಯ ಬಳಿಯ ಭರಣಿಗೆ ಆ ಚಿಪ್ಪುಗಳನ್ನು ಇಳಿಸಿದಾಗ, ಅವು ತಿರುಗುತ್ತ ತಿರುಗುತ್ತ ತಳವನ್ನು ಸೇರಿದುವು. ಸ್ವಲ್ಪ ಹೊತ್ತಿನಲ್ಲಿ ಸಾಸಿವೆಯಷ್ಟಿದ್ದ ಮರಿಯೊಂದು ಗಾಜಿನಿಂದ ಇಳಿದು ಬಂದು, ಅವುಗಳಲ್ಲೊಂದರ ಅಂಚನ್ನು ಹತ್ತಿ, ಸುಣ್ಣಕ್ಕಾಗಿ ಕೆರೆಯಲು ತೊಡಗಿತು. ಅಕ್ಕ ಕನ್ನಡಕವನ್ನು ಸೆರಗಿನಿಂದ ಒರಸಿಕೊಂಡು, ಕುರ್ಚಿಯನ್ನು ಕಿಟಕಿಯ ಕಡೆಗೆ ಇನ್ನಷ್ಟು ಎಳೆದುಕೊಂಡಳು.